ಬೆಯ್ಶೆನ್ ಅಜ್ಜನ ಕುದುರೆಯ ಕುರಿತು ಒಂದು ನಮ್ರ ತಕರಾರು

ಬಿಷ್ಕೆಕ್ ನಗರದ ‘ಬಿಳಿ ಗೋಡೆ’ ಚಿತ್ರಮಳಿಗೆಯ ವ್ಯವಸ್ಥಾಪಕರ ಸನ್ನಿಧಿಗೆ,

ಮಾನ್ಯರೇ,

ತಮ್ಮ ಗೋಡೆಗಳು ಸದಾ ತುಂಬಿರಲಿ, ತಮ್ಮ ಮೊಳೆಗಳು ಎಂದೂ ಸಡಿಲಗೊಳ್ಳದಿರಲಿ, ತಮ್ಮ ಗಾಜುಗಳ ಮೇಲೆ ನೊಣ ಕೂರದಿರಲಿ ಎಂದು ಹಾರೈಸುತ್ತಾ, ಇದೇ ಊರಿನ ಒಬ್ಬ ಸಾಮಾನ್ಯ ದಂತವೈದ್ಯೆಯಾದ ನಾನು ತಮ್ಮ ಅಮೂಲ್ಯ ಸಮಯವನ್ನು ಕೊಂಚ ಹಾಳುಮಾಡಲು ಅಪ್ಪಣೆ ಬೇಡುತ್ತೇನೆ. ಪತ್ರವನ್ನು ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ಖಾಸಗಿಯಾಗಿ ಏನು ಬರೆದರೂ ತಮ್ಮ ಯಂತ್ರವು ‘ನಿಮ್ಮ ಕಲಾಪ್ರೇಮಕ್ಕೆ ಧನ್ಯವಾದ’ ಎಂದು ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರಿಸಿಬಿಡುತ್ತದೆ. ಅಷ್ಟು ಚುರುಕಾದ ಸೌಜನ್ಯವನ್ನು ಎದುರಿಸುವ ತ್ರಾಣ ನನಗಿಲ್ಲ.

ಮೊದಲಿಗೆ, ಸಲ್ಲಬೇಕಾದ ಹೊಗಳಿಕೆ ಸಲ್ಲಲಿ. ನಮ್ಮ ಹಜಾರದ ಗೋಡೆಯ ಮೇಲೆ ಅತ್ತೆಯವರ ಕಾಲದ ಕೆಂಪು ರತ್ನಗಂಬಳಿಯೊಂದು ತೂಗುತ್ತಿತ್ತು. ಹುಳಗಳು ಅದನ್ನು ಬಹಳ ವರ್ಷ ಶ್ರದ್ಧೆಯಿಂದ ತಿಂದು ಮುಗಿಸಿದ ಮೇಲೆ ಗೋಡೆ ಬೋಳಾಗಿ, ಹಲ್ಲು ಕಿತ್ತ ವಸಡಿನಂತೆ ನನ್ನನ್ನೇ ನೋಡತೊಡಗಿತು. ಕಲೆ ಎಂದರೆ ಒಂದೋ ವಸ್ತುಸಂಗ್ರಹಾಲಯದಲ್ಲಿ ಹಗ್ಗದಾಚೆ ಇರುವುದು, ಇಲ್ಲವೇ ಬ್ಯಾಂಕಿನವರು ಹೊಸ ವರ್ಷಕ್ಕೆ ಹಂಚುವ ಕ್ಯಾಲೆಂಡರು ಎಂದು ತಿಳಿದಿದ್ದ ನಾನು, ಮನೆಗೆ ಹೋಗುವ ವ್ಯಾನು ತಪ್ಪಿದ ಒಂದು ಮಧ್ಯಾಹ್ನ ಚಪ್ಪಲಿ ರಿಪೇರಿ ಅಂಗಡಿಯ ಮೇಲಿನ ತಮ್ಮ ಮಳಿಗೆಗೆ ಮೆಟ್ಟಿಲು ಹತ್ತಿ ಬಂದೆ. ಸಹಿ ಹಾಕಿದ, ಸಂಖ್ಯೆ ಬರೆದ, ಐವತ್ತಕ್ಕಿಂತ ಒಂದೂ ಹೆಚ್ಚು ಮುದ್ರಿಸುವುದಿಲ್ಲವೆಂದು ಪ್ರಮಾಣ ಮಾಡಿದ ಚಿತ್ರಗಳು ಒಂದು ಹುಳುಕು ಹಲ್ಲು ತುಂಬಿಸುವ ಬೆಲೆಗೆ ದೊರೆಯುವುದನ್ನು ಕಂಡು ಬೆರಗಾದೆ. ಅಂದು ನನ್ನನ್ನು ಹಿಡಿದು ನಿಲ್ಲಿಸಿದ್ದು ಕಪ್ಪುಬಿಳುಪಿನ ಒಂದು ಛಾಯಾಚಿತ್ರ. ಒಬ್ಬ ಮುದುಕ ಕಣ್ಣು ಮುಚ್ಚಿ, ಬಾಯಿ ತುಂಬ ನಗುತ್ತಿದ್ದಾನೆ. ಅವನ ಎಡಗೈ ಚೌಕಟ್ಟಿನ ಅಂಚಿನತ್ತ ಚಾಚಿ, ಮಣಿಕಟ್ಟಿನಲ್ಲಿ ಮಾಯವಾಗುತ್ತದೆ. ಕೆಳಗೆ ‘ಹೆಸರಿಲ್ಲದ ಮುದುಕ’ ಎಂಬ ಶೀರ್ಷಿಕೆ. ದಿನವಿಡೀ ಹೆದರಿ ಬಾಯಿ ತೆರೆಯುವವರನ್ನೇ ನೋಡುವ ನನಗೆ, ಖುಷಿಯಿಂದ ಇಷ್ಟು ಅಗಲ ಬಾಯಿ ತೆರೆದವನನ್ನು ಬಿಟ್ಟುಬರಲು ಮನಸ್ಸಾಗಲಿಲ್ಲ.

ಚಿತ್ರವನ್ನು ಗೋಡೆಯ ನಟ್ಟನಡುವೆ ತೂಗಿಸಿದಾಗ ನನ್ನ ಗಂಡ ಕೂಬಾತ್ ಸೊಂಟದ ಮೇಲೆ ಕೈಯಿಟ್ಟು ನೋಡಿದರು. “ದುಡ್ಡು ಕೊಟ್ಟು ಬೇರೆಯವರ ಅಜ್ಜನ್ನ ತಂದಿದ್ದೀಯಲ್ಲೇ ಮಾರಾಯ್ತಿ, ನಮ್ಮಜ್ಜ ಪುಕ್ಕಟೆ ಸಿಗ್ತಿದ್ನಲ್ಲ!” ಎಂದರು. ನಾನು ತಮ್ಮ ಮಳಿಗೆ ಚಿತ್ರದ ಜೊತೆ ಕೊಟ್ಟಿದ್ದ ವಿವರಣೆಯನ್ನು ಗಂಭೀರವಾಗಿ ಓದಿ ಹೇಳಿದೆ: ‘ಶೂನ್ಯದತ್ತ ಚಾಚಿದ ಈ ಕೈ ಆಧುನಿಕ ಮನುಷ್ಯನ ಒಂಟಿತನದ ಮೌನ ಆಕ್ರಂದನ.’ ಅವರು ಮತ್ತೊಮ್ಮೆ ಚಿತ್ರ ನೋಡಿ, ಇಷ್ಟು ಚೆನ್ನಾಗಿ ಆಕ್ರಂದಿಸುವವನನ್ನು ತಾನು ಎಲ್ಲೂ ಕಂಡಿಲ್ಲವೆಂದು ಒಪ್ಪಿಕೊಂಡರು.

ಹೀಗೆ ನಮ್ಮ ಸಂಸಾರ ಕಲೆಯೊಂದಿಗೆ ಹೊಂದಿಕೊಳ್ಳುತ್ತಿದ್ದಾಗ, ಪಕ್ಕದ ಮನೆಯ ಕಲ್‌ಬುಬು ಮಾಂಸ ಅರೆಯುವ ಯಂತ್ರ ಕೇಳಿಕೊಂಡು ಬಂದಳು. ಆಕೆ ದೂರದ ಬೆಟ್ಟದ ಸೀಮೆಯಾದ ಅತ್‌ಬಾಶಿಯ ಕಡೆಯವಳು. ಬಾಗಿಲಲ್ಲೇ ಕೈ ಬಾಯಿಗೆ ಹೋಯಿತು. “ಅಯ್ಯೋ ಬುರುಲ್ಚಾ, ನಮ್ಮೂರ ಬೆಯ್ಶೆನ್ ಅಜ್ಜ ನಿಮ್ಮನೇಲಿ ಏನ್ ಮಾಡ್ತಿದ್ದಾನೆ?”

ಇದು ಹೆಸರಿಲ್ಲದ ಮುದುಕ ಎಂದು ಚಿತ್ರದ ಜೊತೆ ಬಂದ ತಮ್ಮ ಪ್ರಮಾಣಪತ್ರದ ಆಧಾರದ ಮೇಲೆ ನಾನು ವಾದಿಸಿದೆ.

“ಹೆಸರಿಲ್ದೆ ಏನು? ಆ ಬಂಗಾರದ ಹಲ್ಲು ಕಟ್ಟಿಸ್ಕೊಂಡ ದಿನ ಮನೆಮನೆ ಮುಂದೆ ನಿಂತು ನಕ್ಕು ತೋರಿಸ್ಕೊಂಡು ಬಂದವನು ಅವನು. ಇರು, ಫೋನ್ ಮಾಡ್ತೀನಿ.”

ಮಾನ್ಯರೇ, ಒಂದು ಚಿತ್ರ ಕೊಂಡರೆ ಅದರೊಳಗಿನ ಮನುಷ್ಯ ಕಲ್ಲಿನಷ್ಟು ಗಟ್ಟಿಯಾದ ಒಣಮೊಸರಿನ ಉಂಡೆಗಳ ಚೀಲವನ್ನೂ ಕುರಿಯ ತೊಡೆಯನ್ನೂ ಹೊತ್ತು ಖುದ್ದಾಗಿ ಮನೆಗೆ ಬರುತ್ತಾನೆಂಬ ಸೌಲಭ್ಯವನ್ನು ತಾವು ಜಾಹೀರಾತಿನಲ್ಲಿ ಹೇಳದೇ ಇದ್ದದ್ದು ತಮ್ಮ ವಿನಯವೇ ಸರಿ. ಮುಂದಿನ ವಾರವೇ ಬೆಯ್ಶೆನ್ ಅಜ್ಜ ಬಂದರು. ಗೌರವದ ಜಾಗದಲ್ಲಿ ಕೂರಿಸಿ ಚಹಾ ಕೊಟ್ಟೆವು. ಅವರು ತಮ್ಮನ್ನು ತಾವೇ ಎದುರಿಗೆ ಇಟ್ಟುಕೊಂಡು ಬಹಳ ಹೊತ್ತು ನೋಡಿದರು.

“ಚೆನ್ನಾಗಿದೆ. ಕುದುರೆ ಎಲ್ಲಿ?” ಎಂದರು.

“ಯಾವ ಕುದುರೆ ಅಜ್ಜಾ?” ಎಂದೆ.

“ಯಾವ ಕುದುರೆ ಅಂದ್ರೆ? ಫೋಟೋ ಅವನದ್ದು ಕಣಮ್ಮ. ನಾನು ಹಿಡ್ಕೊಂಡು ನಿಂತಿದ್ದೆ, ಅಷ್ಟೇ.”

ಆಗ ತಿಳಿಯಿತು, ಶೂನ್ಯದತ್ತ ಚಾಚಿದ ಆ ಕೈ ಕಾಶ್ಕಾ ಎಂಬ, ಹಣೆಯಲ್ಲಿ ಬಿಳಿ ಪಟ್ಟೆಯಿದ್ದ ಕುದುರೆಯ ಕತ್ತಿನ ಮೇಲಿತ್ತು. ಊರಿಗೆ ಬಂದ ಹುಡುಗಿಯೊಬ್ಬಳು ಫೋಟೋ ತೆಗೆಯುತ್ತೇನೆಂದಾಗ ಅಜ್ಜ ತನ್ನ ತಲೆ ಬಾಚಿಕೊಳ್ಳದೆ ಅವನ ಕೇಸರ ಬಾಚಿದ್ದರಂತೆ. ಅವನು ಅಜ್ಜನ ಕೊರಳಪಟ್ಟಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದು ಆಗಷ್ಟೇ ಬಿಟ್ಟಿದ್ದರಿಂದಲೇ ಆ ನಗು. ಹುಡುಗಿ ಚಿತ್ರ ಕಳಿಸುತ್ತೇನೆಂದು ಹೇಳಿ ಹೋದಳು, ಕಳಿಸಲಿಲ್ಲ. ಆ ಚಳಿಗಾಲ ಕಳೆಯುವಷ್ಟರಲ್ಲಿ ಕಾಶ್ಕಾ ಸತ್ತ.

“ಹೆಂಡ್ತಿ ಫೋಟೋ ಇದೆ, ಮಕ್ಕಳದ್ದಿದೆ, ಹಾಳಾದ್ದು ಟ್ರ್ಯಾಕ್ಟರ್ದೂ ಇದೆ. ಅವನದ್ದೊಂದೇ ಇಲ್ಲ” ಎಂದರು ಅಜ್ಜ. ಚಹಾದ ಬಟ್ಟಲನ್ನು ಕೆಳಗಿಟ್ಟವರು ಮತ್ತೆ ಎತ್ತಿಕೊಳ್ಳಲಿಲ್ಲ. ನನ್ನ ಗಂಡ ಎದ್ದು ಹೋಗಿ ಕೋಟು ಹಾಕಿಕೊಂಡರು. ನಾವು ಮೂವರೂ ತಮ್ಮ ಮಳಿಗೆಗೆ ಹೊರಟೆವು.

ಅಲ್ಲಿ ನಡೆದದ್ದು ತಮಗೆ ನೆನಪಿದ್ದೇ ಇರುತ್ತದೆ. ಕುದುರೆಯೂ ಇರುವ ಪೂರ್ತಿ ಚಿತ್ರದ ಒಂದು ಪ್ರತಿ ಬೇಕೆಂದು ಅಜ್ಜ ಕೇಳಿದರು. ತಾವು ಕಪ್ಪು ಅಂಗಿಯ ತೋಳು ಸರಿಪಡಿಸಿಕೊಂಡು, ಎಷ್ಟು ಮೃದುವಾಗಿ ಹೇಳಿದಿರಿ: “ಕ್ಷಮಿಸಿ ಅಜ್ಜಾ, ಈ ಕೃತಿ ಐವತ್ತಕ್ಕೆ ಸೀಮಿತ. ಇನ್ನೊಂದು ರೂಪದಲ್ಲಿ ಮುದ್ರಿಸೋ ಹಾಗಿಲ್ಲ. ಕೊಂಡವರಿಗೆ ಮೋಸ ಮಾಡ್ದಂಗಾಗತ್ತೆ.”

“ನನ್ನ ಮಕ್ಕಳು ಮೊಮ್ಮಕ್ಕಳೇ ಐವತ್ತಕ್ಕೆ ನಿಲ್ಲಲಿಲ್ಲ, ನೀನು ನನ್ನ ನಿಲ್ಲಿಸ್ಬಿಟ್ಯಲ್ಲಪ್ಪಾ!” ಎಂದರು ಅಜ್ಜ.

ತಾವು ಮುಂದಿನ ಖರೀದಿಗೆ ರಿಯಾಯಿತಿ ಕೊಡುವುದಾಗಿ ಹೇಳಿದಿರಿ. ಸತ್ತ ಕುದುರೆಯ ಬದಲಿಗೆ ರಿಯಾಯಿತಿ ನೀಡಿದ ಮೊದಲ ಮಹನೀಯರು ತಾವೇ ಇರಬೇಕು. ಅಜ್ಜ, ಕಲಾಪ್ರೇಮಿಗಳು ಕುಳಿತು ಧ್ಯಾನಿಸಲೆಂದು ತಾವು ಇರಿಸಿದ್ದ ಬೆಂಚಿನ ಮೇಲೆ ಕುಳಿತು, ಚೀಲದಿಂದ ಒಣಮೊಸರಿನ ಉಂಡೆ ತೆಗೆದು ಬಾಯಿಗೆ ಹಾಕಿಕೊಂಡು, “ನಾನು ಕಾಯ್ತೀನಿ” ಎಂದರು.

ಮೊದಮೊದಲು ತಮಗೆ ಇದರಿಂದ ಖುಷಿಯೇ ಆದಂತಿತ್ತು. ಗೋಡೆಯ ಮೇಲಿನ ಮುದುಕನೇ ಬೆಂಚಿನ ಮೇಲಿರುವುದನ್ನು ಕಂಡು ಗಿರಾಕಿಗಳು ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡರು, ಕೆಲವರು ಆ ಚಿತ್ರವನ್ನು ಕೊಂಡೂಬಿಟ್ಟರು. ಆದರೆ ಅಜ್ಜ ಪ್ರತಿಯೊಬ್ಬರನ್ನೂ ಹತ್ತಿರ ಕರೆದು, “ನೋಡಿ ತಗೊಳ್ಳಿ, ಇದು ಅರ್ಧ ಮಾಲು. ಇನ್ನರ್ಧ ಇವರು ಕೊಡ್ತಿಲ್ಲ” ಎಂದು ಹೇಳತೊಡಗಿದರು. ಒಬ್ಬ ಹೆಂಗಸು ಕೊಂಡ ಚಿತ್ರವನ್ನು ಮೆಟ್ಟಿಲಿಂದಲೇ ಹಿಂದಕ್ಕೆ ತಂದು, ಉಳಿದ ಅರ್ಧ ಯಾವಾಗ ಬರುತ್ತದೆಂದು ಕೇಳಿದಳು. ತಮ್ಮ ಕಲಾತತ್ವವು ಅದೇ ಗಳಿಗೆಯಲ್ಲಿ ಮೆತ್ತಗಾಗಿ, ತಾವು ಛಾಯಾಗ್ರಾಹಕಿಗೆ ಫೋನು ಮಾಡಿದ್ದನ್ನು ನಾನು ಗೌರವದಿಂದ ಸ್ಮರಿಸುತ್ತೇನೆ.

ಚೋಲ್ಪೊನಾಯ್ ಎಂಬ ಆ ಹುಡುಗಿ ಏದುಸಿರು ಬಿಡುತ್ತಾ ಬಂದಳು. ಅಜ್ಜನನ್ನು ಕಂಡದ್ದೇ ಮುಖ ಕೆಂಪಾಯಿತು. “ಅಜ್ಜಾ, ಅವನು ತಲೆ ಕೊಡವಿಬಿಟ್ಟಿದ್ದ. ಮುಖ ಪೂರ್ತಿ ಕಲಸಿಹೋಗಿತ್ತು. ಇಂಥದ್ದನ್ನ ನಿಮಗೆ ಹೇಗೆ ಕಳಿಸ್ಲಿ ಅಂತ ನಾಚಿಕೆಯಾಗಿ ಸುಮ್ನಾದೆ. ಆಮೇಲೆ ಆ ಭಾಗ ಕತ್ತರಿಸಿ ಇಲ್ಲಿ ಕೊಟ್ಟೆ” ಎಂದಳು. ಅಳುವ ಹಾಗಾಗಿದ್ದಳು.

“ತೋರ್ಸು” ಎಂದರು ಅಜ್ಜ.

ಅವಳು ತಮ್ಮ ಮೇಜಿನ ಕಂಪ್ಯೂಟರಿನಲ್ಲಿ ಇಡೀ ಚಿತ್ರವನ್ನು ತೆರೆದಳು. ನಗುವ ಅಜ್ಜನ ಪಕ್ಕದಲ್ಲಿ ಕತ್ತು, ಎದೆ, ಗೊರಸು ಎಲ್ಲವೂ ಸ್ಪಷ್ಟ. ತಲೆಯಿರಬೇಕಾದಲ್ಲಿ ಮಾತ್ರ ಗಾಳಿಗೆ ಸಿಕ್ಕಿದ ಹೊಗೆಯಂಥ ಒಂದು ಮಬ್ಬು, ಅದರ ನಡುವೆ ಬಿಳಿಯ ಒಂದು ಗೀರು. ಅಜ್ಜ ಮೂಗು ತಗಲುವಷ್ಟು ಬಗ್ಗಿದರು.

“ಅವನೇ” ಎಂದರು. “ಹುಟ್ಟಿದಾಗಿಂದ ಒಂದ್ ಕಡೆ ನಿಂತವನಲ್ಲ. ನೆಟ್ಟಗೆ ನಿಂತಿದ್ರೆ, ಯಾರದ್ದೋ ಕುದುರೆ ತೋರಿಸ್ತಿದ್ದೀಯ ಅಂತಿದ್ದೆ.”

ಆಮೇಲೆ ಆ ಮಬ್ಬಿನ ಮೇಲೆ ಬೆರಳಿಟ್ಟು, ಹಣೆ ತುರಿಸುವ ಹಾಗೆ ಮೆಲ್ಲಗೆ ಆಡಿಸಿದರು. ತಾವು “ಪರದೆ ಮುಟ್ಟ...” ಎಂದವರು ಅಲ್ಲಿಗೇ ನಿಲ್ಲಿಸಿದಿರಿ. ಯಾರೂ ಹೇಳದೆ ತಾವೇ ಹೋಗಿ ಮುದ್ರಣಯಂತ್ರ ಚಾಲೂ ಮಾಡಿದಿರಿ, ಒಳ್ಳೆಯ ದಪ್ಪ ಕಾಗದವನ್ನೇ ಹಾಕಿದಿರಿ. ಮುಗಿದ ಮೇಲೆ ಅಭ್ಯಾಸಬಲದಿಂದ ಪೆನ್ನು ಹಿಡಿದು, ಎಷ್ಟನೆಯ ಪ್ರತಿಯೆಂದು ಬರೆಯಲಿ ಎಂದು ಕೇಳಿದಿರಿ. “ಇದ್ದಿದ್ದೇ ಒಬ್ಬ, ಅದಕ್ಕೂ ನಂಬರ್ರಾ?” ಎಂದು ಅಜ್ಜ ಅದನ್ನು ಸುರುಳಿ ಸುತ್ತಿ, ಚೋಲ್ಪೊನಾಯಿಯ ತಲೆ ನೇವರಿಸಿ, ಉಳಿದ ಒಣಮೊಸರನ್ನೆಲ್ಲ ತಮ್ಮ ಮೇಜಿನ ಮೇಲೆ ಸುರಿದು ಹೊರಟರು. ತಾವು ಅದನ್ನು ತಿಂದಿರೆಂದು ನಂಬಿದ್ದೇನೆ. ಹಲ್ಲಿಗೆ ಏನಾದರೂ ಆಗಿದ್ದರೆ ನನ್ನ ಚಿಕಿತ್ಸಾಲಯ ತಮಗೆ ಸದಾ ತೆರೆದಿದೆ, ರಿಯಾಯಿತಿಯೊಂದಿಗೆ.

ಊರಿಗೆ ಹೊರಡುವ ಮುನ್ನ ಅಜ್ಜ ನಮ್ಮ ಗೋಡೆಯಿಂದ ಚಿತ್ರವನ್ನು ಇಳಿಸಿ, ಕೂಬಾತ್‌ಗೆ ಸುತ್ತಿಗೆ ತರಹೇಳಿ, ಎಡಮೂಲೆಯಲ್ಲಿ ಹೊಸ ಮೊಳೆ ಹೊಡೆಸಿದರು. “ಈ ಕಡೆ ಅವನು ನಿಂತ್ಕೋಬೇಕು. ಜಾಗ ಬಿಡಿ” ಎಂದರು. ಅಂದಿನಿಂದ ನಮ್ಮ ಹಜಾರದ ಅರ್ಧಗೋಡೆ ಖಾಲಿ. ಬಂದವರೆಲ್ಲ ಚಿತ್ರ ಯಾಕೆ ಮೂಲೆಗೆ ಸರಿದಿದೆಯೆಂದು ಕೇಳುತ್ತಾರೆ. ನಾನು ಹೇಳಲು ಬಾಯಿ ತೆರೆಯುವ ಮೊದಲೇ, ತಾಯಿಯ ರತ್ನಗಂಬಳಿ ಹಾಳಾದಾಗ ಕಣ್ಣೀರಿಟ್ಟಿದ್ದ ನನ್ನ ಗಂಡ ಆ ಖಾಲಿ ಜಾಗದ ಮುಂದೆ ನಿಂತು ಕೈ ಎತ್ತಿ, “ಇಷ್ಟೆತ್ತರ ಇದ್ದ, ಹಣೆ ಮೇಲೆ ಬಿಳಿ ಪಟ್ಟೆ” ಎಂದು ತಾನು ಕಾಣದ ಕುದುರೆಯನ್ನು ವರ್ಣಿಸುತ್ತಾರೆ.

ಆದ್ದರಿಂದ ಮಾನ್ಯರೇ, ನನ್ನ ಬೇಡಿಕೆಗಳು ಅಲ್ಪ. ‘ಮೌನ ಆಕ್ರಂದನ’ದ ಜಾಗದಲ್ಲಿ ‘ಕುದುರೆ ಕೊರಳಪಟ್ಟಿ ಎಳೆದಾಗ’ ಎಂದು ತಿದ್ದಿಸತಕ್ಕದ್ದು. ಈ ಚಿತ್ರವನ್ನು ಕೊಂಡ ಇತರರೆಲ್ಲರ ಮನೆಗೂ ತಾವು ಸುತ್ತಿಗೆಯೊಂದಿಗೆ ಖುದ್ದಾಗಿ ತೆರಳಿ ಮೊಳೆಗಳನ್ನು ಎಡಕ್ಕೆ ಸರಿಸತಕ್ಕದ್ದು. ಕುದುರೆ ನಿಲ್ಲುವಷ್ಟು ಗೋಡೆ ಇಲ್ಲದವರಿಗೆ ತಮ್ಮ ಖರ್ಚಿನಲ್ಲಿ ಗೋಡೆ ಉದ್ದ ಮಾಡಿಸಿಕೊಡತಕ್ಕದ್ದು. ಇಷ್ಟನ್ನು ನಡೆಸಿಕೊಟ್ಟರೆ ತಮ್ಮಿಂದ ಇನ್ನೊಂದು ಚಿತ್ರವನ್ನು ಖಂಡಿತ ಕೊಳ್ಳುತ್ತೇನೆ. ನಡೆಸಿಕೊಡದಿದ್ದರೂ ಕೊಳ್ಳುತ್ತೇನೆ, ಅಡುಗೆಮನೆಯ ಗೋಡೆ ಇನ್ನೂ ಬೋಳಾಗಿದೆ.

ಬಾಯಿ ತೆರೆದ ಎಲ್ಲರ ಹಿತವನ್ನೂ ಬಯಸುವ,
ತಮ್ಮ ವಿಶ್ವಾಸಿ,
ಬುರುಲ್ಚಾ ಸಾತಿಬಾಲ್ದಿಯೆವಾ

ಮರೆತ ಮಾತು: ನಿನ್ನೆ ತಮ್ಮ ಮಳಿಗೆಯಿಂದ ನನಗೆ ವಿಶೇಷ ಕೊಡುಗೆಯೊಂದು ಬಂದಿದೆ. ಅಜ್ಜನ ಅದೇ ಮುಖವನ್ನು ಮುದ್ರಿಸಿದ ಸೋಫಾ ದಿಂಬುಗಳು, ಜೋಡಿಗೆ ಬೆಲೆ ಇಳಿಕೆ. ತಮ್ಮ ಪ್ರೀತಿಗೆ ಋಣಿ. ಆದರೆ ನಮ್ಮ ಮನೆಯಲ್ಲಿ ಹಿರಿಯರನ್ನು ಕೂರಿಸಿ ನಾವು ನಿಲ್ಲುವ ಪದ್ಧತಿಯಿದೆ, ಅವರ ಮುಖದ ಮೇಲೆ ಕೂರುವುದನ್ನು ಇನ್ನೂ ಕಲಿತಿಲ್ಲ. ಮೊದಲು ತಮ್ಮ ಮುಖವಿರುವ ಒಂದು ಜೊತೆ ಕಳಿಸಿಕೊಟ್ಟರೆ ಅಭ್ಯಾಸ ಮಾಡಿಕೊಳ್ಳುತ್ತೇವೆ.