ಮೆಸಾನಿಗೆ ಎನ್‌ಒಸಿ

ಘಣಸೋಲಿಯ ತಮ್ಮ ಫ್ಲಾಟಿನಲ್ಲಿ ಜಯಶೀಲರು ಅಂದು ಗಟ್ಟಿಯಾಗಿ ಮಾತಾಡಿದ್ದೇ ತಪ್ಪಾಯಿತು. ಇಪ್ಪತ್ತು ವರ್ಷ ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸಿದವರಿಗೆ ಮೆಲ್ಲಗೆ ಮಾತಾಡುವ ಅಭ್ಯಾಸವೆಲ್ಲಿ? ಮೂರು ಗಂಟೆಗೆ ದೊಡ್ಡ ಸಂಶೋಧನಾ ಸಂಸ್ಥೆಯೊಂದರ ಆನ್‌ಲೈನ್ ಸಂದರ್ಶನವಿತ್ತು. ಕೆಲಸ ಸಿಕ್ಕರೆ ಬಾಗಿಲು ಹಾಕಿಕೊಂಡು ಕೂರಲು ಸ್ವಂತ ಕ್ಯಾಬಿನ್! ಈ ಬಿಲ್ಡಿಂಗಿನಲ್ಲಂತೂ ಅವರನ್ನು ಐದು ನಿಮಿಷ ಒಬ್ಬರೇ ಇರಲು ಯಾರೂ ಬಿಟ್ಟವರಲ್ಲ. ಪ್ರಶ್ನೆ ಏನೇ ಬರಲಿ, ಉತ್ತರ ತಮ್ಮಲ್ಲಿದೆ ಎಂಬ ಧೈರ್ಯದಲ್ಲಿ ಅವರು ಕನ್ನಡಿಯ ಮುಂದೆ ತಾಲೀಮು ನಡೆಸಿದ್ದರು.

"ಮೆಸಾನಿನ ಇಂಟರ್ನಲ್ ಸ್ಟ್ರಕ್ಚರ್ ತಿಳಿಯಬೇಕಾದರೆ ಹೊಡೆದೇ ನೋಡಬೇಕು!"

ಪಕ್ಕದ ಮನೆಯಲ್ಲಿ ಗೋಡೆಗೆ ಹಲ್ಲಿಯ ಹಾಗೆ ಅಂಟಿಕೊಂಡಿದ್ದ ದಮಯಂತಿಯವರಿಗೆ ಕೇಳಿಸಿದ್ದು ಮೂರೇ ಶಬ್ದ: ಮೇಸನ್, ಸ್ಟ್ರಕ್ಚರ್, ಹೊಡೆಯುವುದು. ಗಾರೆಯವನು ಬಂದು ಗೋಡೆ ಒಡೆಯುತ್ತಾನೆಂದು ಅವರು ಬಿಲ್ಡಿಂಗಿನ ಸೊಸೈಟಿಯ ವಾಟ್ಸಾಪ್ ಗ್ರೂಪಿಗೆ ಸುದ್ದಿ ಹಾಕಿಯೇಬಿಟ್ಟರು. ಮೂರಕ್ಕೆ ಐದು ನಿಮಿಷ ಇರುವಾಗ ಸೆಕ್ರೆಟರಿ ಸಂಗಮೇಶ ಬೆಲ್ ಒತ್ತಿದರು. ಹಿಂದೆಯೇ ದಮಯಂತಿ.

"ಸೊಸೈಟಿ ಎನ್‌ಒಸಿ ಇಲ್ದ ಗ್ವಾಡಿ ಒಡ್ಯಾಕ ಬರಂಗಿಲ್ರಿ. ಎಲ್ಲಿ ಅದಾನ ನಿಮ್ಮ ಮೇಸನ್?" ಎಂದರು ಸಂಗಮೇಶ.

"ಮೇಸನ್ ಅಲ್ಲ ಮಾರಾಯ್ರೇ, ಮೆಸಾನ್! ಪರಮಾಣುವಿಗಿಂತ ಸಣ್ಣದು. ಕಣ್ಣಿಗೆ ಕಾಣುವುದಿಲ್ಲ."

"ಕಾಣೂದಿಲ್ಲಂದ್ರ ಅಡಗ್ಸಿಟ್ಟೀರಿ!" ಸಂಗಮೇಶ ನೇರ ಬಾತ್‌ರೂಮಿಗೆ ನುಗ್ಗಿದರು.

"ನಮ್ಮ ಬದಿಯ ಗೋಡೆಯಾ ಜಯಶೀಲಣ್ಣ? ನನ್ನ ಟಿವಿ ಇರುವುದೇ ಅದರಲ್ಲಿ," ಎಂದು ದಮಯಂತಿ ಗೋಳಿಟ್ಟರು.

ಜಯಶೀಲರು ಸಂಗಮೇಶರ ತೋಳು ಹಿಡಿದು ಹೊರಗೆಳೆದರು. ಆ ಗಲಾಟೆಗೆ ಮೇಲಿನ ಮಹಡಿಯ ಮೋಹನದಾಸ ದಂಪತಿ ಇಳಿದು ಬಂದರು. ಅವರನ್ನು ಸಾಗಹಾಕಲು ಬಾಗಿಲು ತೆರೆದರೆ ಎದುರು ಮನೆಯ ಗಂಡ ಹೆಂಡತಿ ಒಳಗೆ. ಅಷ್ಟರಲ್ಲಿ ಲ್ಯಾಪ್‌ಟಾಪಿನಲ್ಲಿ ಸಂಸ್ಥೆಯ ನಿರ್ದೇಶಕರು ಪ್ರತ್ಯಕ್ಷರಾಗಿ ಮೊದಲ ಪ್ರಶ್ನೆ ಎಸೆದರು: ಮೆಸಾನಿನೊಳಗಿನ ಕ್ವಾರ್ಕ್ ಕಣ ಒಂಟಿಯಾಗಿ ಯಾಕೆ ಸಿಗುವುದಿಲ್ಲ?

ಜಯಶೀಲರಿಗೆ ತಟ್ಟನೆ ಹೊಳೆಯಿತು. ಕ್ಯಾಮೆರಾವನ್ನು ಜನರ ಕಡೆ ತಿರುಗಿಸಿದರು.

"ಸರ್, ಮೆಸಾನಿನೊಳಗೆ ಕ್ವಾರ್ಕು, ಪ್ರತಿಕ್ವಾರ್ಕು ಜೋಡಿಯಾಗಿ ಅಂಟಿಕೊಂಡಿರುತ್ತವೆ. ಒಂದನ್ನು ಹೊರಗೆಳೆಯಲು ಹೋದರೆ ಆ ಎಳೆದ ಶಕ್ತಿಯಿಂದಲೇ ಹೊಸ ಜೋಡಿ ಹುಟ್ಟುತ್ತದೆ. ನಾನು ಈ ಸೆಕ್ರೆಟರಿ ಒಬ್ಬರನ್ನು ಎಳೆದೆ. ಈಗ ಎಣಿಸಿ, ಎಷ್ಟು ಮಂದಿ ಆದರು!"

ನಿರ್ದೇಶಕರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮೂವತ್ತು ವರ್ಷದಲ್ಲಿ ಇಂಥ ಉತ್ತರ ಕೇಳಿರಲಿಲ್ಲವೆಂದರು. ಕೆಲಸ ನಿಮ್ಮದೇ ಎಂದೂ ಹೇಳಿಬಿಟ್ಟರು. ಜಯಶೀಲರ ಎದೆ ಉಬ್ಬಿತು.

"ನಮ್ಮಲ್ಲಿ ಕ್ಯಾಬಿನ್ ಖಾಲಿಯಿಲ್ಲ ಎನ್ನುವ ಚಿಂತೆಯಿತ್ತು," ನಿರ್ದೇಶಕರು ಕಣ್ಣೊರೆಸಿಕೊಂಡರು. "ಇಂಥ ಪ್ರಯೋಗಶಾಲೆ ಇರುವಾಗ ಕ್ಯಾಬಿನ್ ಯಾಕೆ? ನೀವು ಮನೆಯಲ್ಲಿದ್ದೇ ಕೆಲಸ ಮಾಡಿ."

ಜಯಶೀಲರು ಕುರ್ಚಿಯಲ್ಲಿ ಕುಸಿದರು. ಸೋಫಾದಲ್ಲಿ ಸಂಗಮೇಶರ ಪಕ್ಕ ಜಾಗ ಮಾಡಿಕೊಂಡು ಕೂತ ದಮಯಂತಿ ಕೇಳಿದರು:

"ನಾಳೆಯಿಂದ ನಾವೆಲ್ಲ ಎಷ್ಟು ಗಂಟೆಗೆ ಬರಬೇಕು ಜಯಶೀಲಣ್ಣ?"