ಕಾಲುವೆಗೆ ಬಿದ್ದದ್ದು ಯಾರು?

ದಿನಚರಿ ಬರೆಯುವವನಿಗೆ ನೆನಪಿನ ಶಕ್ತಿ ಹೆಚ್ಚು ಎಂದು ಜನ ತಿಳಿದಿದ್ದಾರೆ. ಕೊಡೆ ಹಿಡಿದು ಹೊರಟವನು ಮೋಡವನ್ನು ನಂಬದವನು. ದಿನಚರಿ ಬರೆಯುವವನು ತನ್ನ ತಲೆಯನ್ನು ನಂಬದವನು, ಅಷ್ಟೇ. ನಾನು ಹದಿನಾರನೆಯ ವಯಸ್ಸಿನಿಂದ ಬರೆಯುತ್ತಿದ್ದೇನೆ. ಇತಿಹಾಸದಲ್ಲಿ ಎಂ.ಎ. ಮಾಡಿದ ಮೇಲೆ ಬರೆದದ್ದನ್ನು ನಂಬುವುದನ್ನೂ ಬಿಟ್ಟೆ. ಸಾಲಿಗ್ರಾಮದ ಕಾಲೇಜಿನಲ್ಲಿ ‘ಒಬ್ಬನೇ ಸಾಕ್ಷಿಯ ಮಾತು ಕೇಳಬೇಡಿ’ ಎಂದು ಪಾಠ ಹೇಳುವ ನನಗೆ, ಕಳೆದ ವರ್ಷ ನನ್ನ ಮದುವೆಗೇ ಸಾಕ್ಷಿ ಹುಡುಕುವ ಸಂದರ್ಭ ಬಂತು.

ಹೆಂಡತಿ ಮಂಗಳಾ ಕೆನಡಾದಲ್ಲಿ ನರ್ಸ್. ಮೂರು ಸಲ ಪರೀಕ್ಷೆ ಬರೆದು ಗಿಟ್ಟಿಸಿದ ಕೆಲಸ. ಅಲ್ಲಿನ ಕಾಯಂ ವಾಸದ ಪರವಾನಗಿ ಅವಳಿಗಿದೆ. ಗಂಡನಾದ ನನಗೂ ಸಿಗಲೆಂದು ಅರ್ಜಿ ಹಾಕಿದ್ದಳು. ವಿಡಿಯೊದಲ್ಲಿ ಸಂದರ್ಶನ ಮಾಡುತ್ತೇವೆ ಎಂದು ಉತ್ತರ ಬಂತು. ಗಂಡ ಹೆಂಡತಿಯನ್ನು ಬೇರೆ ಬೇರೆ ಕೇಳುತ್ತಾರಂತೆ, ಇಬ್ಬರ ಉತ್ತರ ತಾಳೆಯಾಗದಿದ್ದರೆ ಮದುವೆಯೇ ಸುಳ್ಳು ಎಂದು ತೀರ್ಮಾನಿಸುತ್ತಾರಂತೆ. “ಅಂಗೇನಾದ್ರೂ ಆದ್ರೆ ಕೆಲ್ಸ ಬುಟ್ಟು ಬಂದ್ಬುಡ್ತೀನಿ ಭಾವ. ಎರಡು ವರ್ಷ ದೂರ ಇದ್ದಿದ್ದು ಸಾಕು,” ಎಂದಳು ಮಂಗಳಾ. ಹೀಗೆ ಅವಳ ಮೂರು ಪರೀಕ್ಷೆಗಳ ಫಲ ನನ್ನ ಒಂದು ಪರೀಕ್ಷೆಯ ತಲೆಯ ಮೇಲೆ ಬಂದು ಕೂತಿತು.

ಮೊದಲು ದಾಖಲೆ ಹುಡುಕಿದೆ. ಮದುವೆಯ ಆಲ್ಬಮ್ಮಿನಲ್ಲಿ ನಾವಿಬ್ಬರೇ ಇರುವ ಚಿತ್ರ ಒಂದೂ ಇಲ್ಲ. ಎಲ್ಲದರಲ್ಲೂ ನಡುವೆ ಯಾರಾದರೂ ಚಿಕ್ಕಪ್ಪ ನಿಂತಿದ್ದಾರೆ. ಫೋನಿನ ಸಂದೇಶಗಳನ್ನು ಮುದ್ರಿಸಿ ಕಳುಹಿಸಬೇಕಿತ್ತು. ಅವಳು ಕೆನಡಾಕ್ಕೆ ಹೋದ ಮೇಲಿನ ಎರಡು ವರ್ಷದ ದಾಂಪತ್ಯ ಹೀಗಿತ್ತು: ‘ಊಟ ಆಯ್ತಾ?’ ‘ಆಯ್ತು. ನಿಮ್ದು?’ ‘ಆಯ್ತು.’ ಕೊನೆಗೆ ದಿನಚರಿಯನ್ನು ತೆಗೆದೆ. ಮದುವೆಯ ದಿನದ ಪುಟದಲ್ಲಿ ನಾನು ಬರೆದದ್ದು ಇಷ್ಟು: ‘ಎರಡನೇ ಪಂಕ್ತಿಗೆ ಮೊಸರು ಸಾಲಲಿಲ್ಲ. ಹೊಸ ಚಪ್ಪಲಿ ಕಾಣೆ. ಬಿಸಿಲು.’ ಹೆಂಡತಿಯ ಸುದ್ದಿಯೇ ಇಲ್ಲ. ಆ ಪುಟವನ್ನು ಕಳುಹಿಸುವ ಧೈರ್ಯವಾಗಲಿಲ್ಲ.

ತಾಲೀಮು ನಡೆಸಲು ಒಪ್ಪಿದವರು ಅತ್ತೆ. ಮಂಗಳಾ ನನ್ನ ಸೋದರಮಾವನ ಮಗಳು. ಆದ್ದರಿಂದ ಅತ್ತೆ ನನಗೆ ಹುಟ್ಟಿನಿಂದಲೇ ಅತ್ತೆ. ಕಟ್ಟೆಮಳಲವಾಡಿಯ ಅವರ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಅಡುಗೆಮನೆ ಪಕ್ಕದ ರಾಗಿಮೂಟೆಯ ಕೋಣೆಯಲ್ಲಿ ಮಾತ್ರ. ಮೂಟೆಗಳ ಮೇಲೆ ಹೂವಿನ ದುಪ್ಪಟಿ ಹೊದಿಸಿ ಕೂತೆ. ಅತ್ತೆ ಸೆರಗಿಗೆ ಕೈ ಒರೆಸುತ್ತಾ ಬಾಗಿಲಲ್ಲಿ ನಿಂತರು.

“ನನ್ ಮಗಳು ಯಾವ ತಿಂಡಿ ಕಂಡ್ರೆ ಮೂಗು ಮುರೀತಾಳೆ?”

“ಉಪ್ಪಿಟ್ಟು.”

“ಉಪ್ಪಿಟ್ಟು ಕಂಡು ಮೂಗು ಮುರಿಯೋನು ನೀನು ಕಣಪ್ಪ. ಅವಳು ಪಾಪ, ನಿನ್ ಪಾಲ್ನೂ ತಿಂತಿದ್ಲು. ಎಂಗಪ್ಪಾ ಪಾಸಾಯ್ತೀಯ?”

ನಿಜವಾದ ಕಂಟಕ ಬೇರೆಯೇ ಇತ್ತು. ‘ನೀವಿಬ್ಬರೂ ಮೊದಲು ಭೇಟಿಯಾದದ್ದು ಎಲ್ಲಿ?’ ಎಂದು ಎಲ್ಲರನ್ನೂ ಕೇಳುತ್ತಾರಂತೆ. ಸೋದರಮಾವನ ಮಗಳನ್ನು ಯಾರಾದರೂ ಭೇಟಿಯಾಗುತ್ತಾರೆಯೇ? ಅವಳ ನಾಮಕರಣದ ದಿನ ಮೂರು ವರ್ಷದ ನಾನು ತೊಟ್ಟಿಲ ಹಗ್ಗ ಎಳೆದಿದ್ದೆನಂತೆ. ಅದನ್ನು ಹೇಳಿದರೆ ಆ ದೇಶದವರು ಏನೆಂದುಕೊಂಡಾರು! ಕಾಲುವೆಯ ಪ್ರಸಂಗ ಹೇಳೋಣ ಎಂದುಕೊಂಡೆವು. ನನಗೆ ಹನ್ನೊಂದು, ಅವಳಿಗೆ ಎಂಟು. ಬೇಸಿಗೆ ರಜೆಯಲ್ಲಿ ಅವಳು ಕಾಲುವೆಗೆ ಬಿದ್ದಳು, ನಾನು ಜಡೆ ಹಿಡಿದು ಎಳೆದೆ. ಇದು ನನ್ನ ನೆನಪು. ಫೋನಿನಲ್ಲಿ ಮಂಗಳಾ ಬಿದ್ದು ಬಿದ್ದು ನಕ್ಕಳು. “ಬಿದ್ದಿದ್ದು ನೀವು ಭಾವ! ಚಡ್ಡಿ ಹಿಡ್ಕೊಂಡು ಎಳೆದೋಳು ನಾನು!”

ಒಂದು ವಾರ ಇದೇ ವಾದ. ಕೊನೆಗೆ ಅತ್ತೆ ತೀರ್ಪು ಕೊಟ್ಟರು: “ಇಬ್ರೂ ಬೀಳ್ಲಿಲ್ಲ ಕಣ್ರಪ್ಪ. ಬಿದ್ದಿದ್ದು ನಮ್ ಕರ. ನೀವಿಬ್ರೂ ದಡದಲ್ಲಿ ಕೈ ಹಿಡ್ಕೊಂಡು ‘ಅವ್ವಾ’ ಅಂತ ಅರಚ್ತಿದ್ರಿ.” ಕಣ್ಣಾರೆ ಕಂಡ ಸಾಕ್ಷಿ. ಕರುವೆಂದೇ ಹೇಳುವುದೆಂದು ತೀರ್ಮಾನವಾಯಿತು.

ಸಂದರ್ಶನದ ಸಂಜೆ ಅದೇ ರಾಗಿಮೂಟೆಯ ಕೋಣೆಯಲ್ಲಿ ಕೂತಾಗ ಪರದೆಯ ಮೇಲೆ ಕನ್ನಡಕ ಹಾಕಿದ ಅಧಿಕಾರಿಣಿ ಬಂದರು. ಅದೇ ಪ್ರಶ್ನೆ ಬಂತು. ‘ಕರು’ ಎನ್ನಲು ಬಾಯಿ ತೆರೆದೆ. ಆಗ ನನಗೇನಾಯಿತೋ ತಿಳಿಯದು. ಮನೆ ಕಟ್ಟಿದಾಗ, ನನ್ನ ಅವ್ವ ಹಾಸಿಗೆ ಹಿಡಿದಾಗ, ಎಲ್ಲ ಕಡೆಯೂ ನನ್ನನ್ನು ಎಳೆದು ದಡ ಸೇರಿಸಿದವಳು ಅವಳೇ ಅಲ್ಲವೇ ಅನ್ನಿಸಿತು. “ನಾನು ಕಾಲುವೆಗೆ ಬಿದ್ದೆ, ಅವಳು ಎಳೆದಳು,” ಎಂದುಬಿಟ್ಟೆ. ಆಮೇಲೆ ಮಂಗಳಾಳ ಸರದಿ. ಅವಳದು ಮುಗಿದ ಮೇಲೆ ಇಬ್ಬರನ್ನೂ ಒಟ್ಟಿಗೆ ಕರೆದರು. ಅಧಿಕಾರಿಣಿ ಎರಡು ಹಾಳೆಗಳನ್ನು ನೋಡಿ, “ನಿಮ್ಮ ಹೆಂಡತಿ ಬಿದ್ದವಳು ತಾನೆಂದೂ ಎಳೆದವರು ನೀವೆಂದೂ ಹೇಳಿದ್ದಾರಲ್ಲ?” ಎಂದರು.

ನಾನು ಏನೋ ತಡವರಿಸಿದೆ. ಮಂಗಳಾ ತಲೆ ತಗ್ಗಿಸಿದ್ದಳು. ಇಂಗ್ಲಿಷ್ ತಿಳಿಯದಿದ್ದರೂ ನನ್ನ ತಡವರಿಕೆ ತಿಳಿದು ಅತ್ತೆ ಅಡುಗೆಮನೆಯಿಂದ ಕೂಗಿದರು: “ಕರ ಅಂತ ಯೋಳ್ಲಾ, ಬೆಪ್ಪ!”

ಯಾರದು, ಏನಂದರು ಎಂದು ಅಧಿಕಾರಿಣಿ ಕೇಳಿದರು. ಬೇರೆ ದಾರಿಯಿಲ್ಲದೆ ಎಲ್ಲವನ್ನೂ ಹೇಳಿದೆ. ‘ಬೆಪ್ಪ’ ಒಂದನ್ನು ಬಿಟ್ಟೆ. “ಹಾಗಾದರೆ ನೀವೇಕೆ ಹಾಗೆ ಹೇಳಿದಿರಿ?” ಎಂದು ಅವರು ಮಂಗಳಾಳನ್ನು ಕೇಳಿದರು.

“ಅವರಿಗೆ ಆ ಕತೆ ಇಷ್ಟ ಮೇಡಂ,” ಎಂದಳು ಮಂಗಳಾ, “ಮದುವೆಯಾದಾಗಿನಿಂದ ಎಷ್ಟು ಸಲ ಹೇಳಿದ್ದಾರೋ!”

ಅಧಿಕಾರಿಣಿ ಕನ್ನಡಕ ತೆಗೆದು, ಬಹಳ ಹೊತ್ತು ಏನೋ ಬರೆದುಕೊಂಡರು. ಒಂದೂವರೆ ತಿಂಗಳಿಗೆ ಒಪ್ಪಿಗೆಯ ಪತ್ರ ಬಂತು.

ಮೊನ್ನೆ ಪೆಟ್ಟಿಗೆ ಕಟ್ಟುವಾಗ ದಿನಚರಿಯಲ್ಲಿ ಸಂದರ್ಶನದ ದಿನದ ಪುಟ ತೆರೆದು ನೋಡಿದೆ. ‘ನೆಟ್‌ವರ್ಕ್ ಪರವಾಗಿಲ್ಲ. ಕಾಲರು ಬಿಗಿ. ಅತ್ತೆ ಕಡುಬು ಮಾಡಿದ್ದರು.’ ಈ ಸಲವೂ ಹೆಂಡತಿಯ ಸುದ್ದಿಯಿಲ್ಲ. ನಾಚಿಕೆಯಾಯಿತು. ಸರಿಪಡಿಸುವುದಾದರೆ ಎಲ್ಲ ಖಚಿತವಾಗಿರಲೆಂದು, ಉಪ್ಪಿನಕಾಯಿ ಜಾಡಿಗೆ ಬಟ್ಟೆ ಕಟ್ಟುತ್ತಿದ್ದ ಅತ್ತೆಯನ್ನು ಕೇಳಿದೆ, “ಆ ಕರು ಕೆಂದಗಿತ್ತೋ, ಕಪ್ಪಗಿತ್ತೋ?”

“ಕರನೋ, ಮೇಕೆನೋ! ಯಾವ್ ಕಾಲದ್ದಪ್ಪಾ ಅದು? ನೀವಿಬ್ರೂ ಕಿತ್ತಾಡ್ತಿದ್ರಲ್ಲ, ಏನೋ ಒಂದು ಅಂದೆ, ಬುಡು.”

ಆ ದೇಶದ ಕಡತದಲ್ಲಿ ನನಗಿಂತ ಮೊದಲೇ ಆ ಕರುವಿಗೆ ಕಾಯಂ ವಾಸ ಸಿಕ್ಕಿಬಿಟ್ಟಿದೆ. ಅತ್ತ ತಿರುಗಿ ಕೂತು ಪೆನ್ನು ತೆಗೆದೆ. ಕಡುಬಿನ ಕೆಳಗೆ ಉಳಿದಿದ್ದ ಜಾಗದಲ್ಲಿ ಒಂದು ಸಾಲು ಸೇರಿಸಿದೆ: ‘ಬಿದ್ದದ್ದು ನಾನೇ. ಎಳೆದವಳು ಮಂಗಳಾ.’ ಶಾಯಿ ಅದೇ ಬಣ್ಣದ್ದು. ಈಗ ಓದಿದರೆ ಅವತ್ತೇ ಬರೆದಂತಿದೆ. ಇನ್ನೊಂದು ವರ್ಷಕ್ಕೆ ನಾನೂ ನಂಬುತ್ತೇನೆ.