ತನ್ನ ಹೊಟ್ಟೆಯ ಅಳತೆ ತಾನೇ ತೆಗೆದ ಟೈಲರ್

ಆಸ್ಪತ್ರೆಯ ಸಿಸ್ಟರ್ ಹಿಂದಿನ ದಿನ ಮನೆಗೆ ಬಂದು ಇಂಜೆಕ್ಷನ್ ಕೊಟ್ಟು ಹೊರಡುವಾಗ, "ಎಲ್ಲಾ ತೋರಿಸಿಕೊಟ್ಟಿದೀನಲ್ಲ, ನಾಳೆಯಿಂದ ನೀವೇ ಚುಚ್ಕೊಳ್ಳಿ" ಎಂದು ಹೇಳಿ ಹೋದದ್ದೇ ಎಲ್ಲ ರಾದ್ಧಾಂತಕ್ಕೂ ಮೂಲ.

ಚುಚ್ಚಿಕೊಳ್ಳಬೇಕಾದವನು ಟೈಲರ್. ಬುದ್ಧಿ ಬಂದಾಗಿನಿಂದ ಅವನ ಕೈಯಿಂದ ಸೂಜಿ ಇಳಿದದ್ದಿಲ್ಲ. ಕತ್ತಲಲ್ಲೂ ದಾರ ಪೋಣಿಸುತ್ತಿದ್ದ ಗಟ್ಟಿಗ. ಆದರೆ ಸೂಜಿಯ ಈ ತುದಿಯಲ್ಲಿ ತಾನಿದ್ದು ಆ ತುದಿಯಲ್ಲಿ ಬಟ್ಟೆ ಇರುವವರೆಗೆ ಮಾತ್ರ ಆ ಧೈರ್ಯ. ಆ ತುದಿಯಲ್ಲೂ ತಾನೇ ಇರಬೇಕು ಎಂದಾಗ ಅವನ ಕೈಕಾಲು ತಣ್ಣಗಾಗುತ್ತಿತ್ತು. ಕೈ ಎರಡು, ಕಾಲು ಒಂದು ಎನ್ನಬೇಕು. ಇನ್ನೊಂದು ಕಾಲು ಪ್ಲಾಸ್ಟರಿನಲ್ಲಿತ್ತು.

ಮೇಲಿನ ಅಟ್ಟಣಿಗೆಯಿಂದ ಬಟ್ಟೆಯ ಥಾನು ಇಳಿಸಲು ಸ್ಟೂಲು ಹತ್ತಿದವನು ಥಾನಿನ ಸಮೇತ ತಾನೂ ಇಳಿದು ಮೂಳೆ ಮುರಿದುಕೊಂಡಿದ್ದ. ಆಪರೇಷನ್ ಆಯಿತು. ಅಲ್ಲಾಡದೆ ಬಿದ್ದಿರುವ ಕಾಲಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು, ಆ ಗಡ್ಡೆ ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋಗಿ ಕೂತರೆ ಜೀವಕ್ಕೇ ಸಂಚಕಾರ ಎಂದು ಡಾಕ್ಟರು ದಿನಕ್ಕೊಂದು ರಕ್ತ ತೆಳು ಮಾಡುವ ಇಂಜೆಕ್ಷನ್ ಬರೆದಿದ್ದರು. ಅದೂ ಹೊಟ್ಟೆಯ ಚರ್ಮದಡಿಗೆ.

ಬೆಳಿಗ್ಗೆ ಕೆಲಸಕ್ಕೆ ಹೊರಟ ಹೆಂಡತಿ ಚಪ್ಪಲಿ ಮೆಟ್ಟುತ್ತಾ ತೀರ್ಪು ಕೊಟ್ಟಳು. "ನಾನು ಬರೋದ್ರೊಳಗೆ ಚುಚ್ಕೊಂಡಿರ್ಬೇಕು. ಇಲ್ಲಾಂದ್ರೆ ಅಣ್ಣನ್ನ ಕರೆಸ್ತೀನಿ. ಪ್ಲಾಸ್ಟರ್ ಬಿಚ್ಚೋವರೆಗೂ ಇಲ್ಲೇ ಇದ್ದು ದಿನಾ ಅವನೇ ಹಾಕ್ಲಿ."

"ಬೇಡ ಕಣೇ! ನಾನೇ ಹಾಕ್ಕೋತೀನಿ!" ಟೈಲರ್ ಕುರ್ಚಿಯಲ್ಲೇ ಅರ್ಧ ಎದ್ದ.

ಅವಳ ಅಣ್ಣ ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್. ಹೋರಿಯ ತೊಡೆಗೆ ಫಟೀರೆಂದು ಒಂದು ಏಟು ಕೊಟ್ಟು, ಅದು ತಿರುಗಿ ನೋಡುವಷ್ಟರಲ್ಲಿ ಸೂಜಿ ಇಳಿಸಿಬಿಡುವ ಆಸಾಮಿ. ಒಮ್ಮೆ ಬಂದನೆಂದರೆ ಮನೆಯಲ್ಲಿದ್ದ ಒಂದೇ ಒರಗು ಕುರ್ಚಿ ಅವನದು, ಟಿ.ವಿ. ಅವನದು, ಮಾತೂ ಅವನದೇ. ಹೋದ ಸಲ ಬಂದಾಗ ಟೈಲರ್ ಪ್ರೀತಿಯಿಂದ ಹೊಲಿದುಕೊಟ್ಟ ಅಂಗಿಯನ್ನು ನಾಲ್ಕು ಜನರೆದುರು ಎತ್ತಿ ಹಿಡಿದು, "ಇದಕ್ಕೆ ಕೈ ಎಲ್ಲಿ, ಕುತ್ತಿಗೆ ಎಲ್ಲಿ?" ಎಂದು ಕೇಳಿದ್ದ. ಆ ಉರಿ ಟೈಲರನಿಗೆ ಇನ್ನೂ ಆರಿರಲಿಲ್ಲ. ಹೆಪ್ಪುಗಟ್ಟಿದ ರಕ್ತ ಒಂದು ಕಡೆ, ಈ ಭಾವ ಒಂದು ಕಡೆ. ಯಾವುದು ಹೆಚ್ಚು ಭಯಂಕರ ಎಂದು ಕೇಳಿದ್ದರೆ ಪಾಪ, ಅವನು ಯೋಚಿಸಬೇಕಾಗುತ್ತಿತ್ತು.

ಹೆಂಡತಿ ಹೋದ ಮೇಲೆ ಅವನು ಕೈ ತೊಳೆದು ಕೂತ. ಹೊಕ್ಕುಳಿನಿಂದ ಎರಡು ಬೆರಳಿಗಿಂತ ದೂರ ಇರಬೇಕು, ನಿನ್ನೆ ಬಲಗಡೆಯಾದರೆ ಇವತ್ತು ಎಡಗಡೆ ಎಂದು ಸಿಸ್ಟರ್ ಹೇಳಿದ್ದರು. ಬೆರಳ ಲೆಕ್ಕದಲ್ಲಿ ಕೆಲಸ ಮಾಡುವುದು ಟೈಲರನ ಜಾಯಮಾನವಲ್ಲ. ಕೊರಳಲ್ಲಿದ್ದ ಟೇಪು ತೆಗೆದು ಹೊಕ್ಕುಳಿನಿಂದ ಅಳೆದ. ಅಭ್ಯಾಸಬಲದಿಂದ ಸೀಮೆಸುಣ್ಣ ಎತ್ತಿಕೊಂಡು, ಹೊಟ್ಟೆಯ ಮೇಲೆ ಗೀಟು ಎಳೆಯಲು ಹೋಗಿ, ಆಗಷ್ಟೇ ಸ್ಪಿರಿಟ್ ಹಚ್ಚಿ ಒರೆಸಿದ ಜಾಗ ಎಂಬುದು ನೆನಪಾಗಿ ನಾಲಿಗೆ ಕಚ್ಚಿಕೊಂಡ.

ಸಿರಿಂಜನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಾಗ ಪಕ್ಕದ ಮನೆಯ ಡ್ರಿಲ್ ಮೇಷ್ಟ್ರು ಒಳಗೆ ಬಂದರು. ನಿವೃತ್ತಿಯಾಗಿ ವರ್ಷಗಳಾಗಿದ್ದರೂ ಕೊರಳಲ್ಲಿ ಸೀಟಿ ಇನ್ನೂ ಇತ್ತು. ಬೇರೆಯವರ ಮನೆಯ ವಿಷಯಕ್ಕೆ ಮೂಗು ತೂರಿಸುವುದನ್ನು ಅವರು ಸಮಾಜಸೇವೆ ಎಂದೇ ತಿಳಿದಿದ್ದರು.

"ನಿಲ್ಸಿ! ಒಳಗಡೆ ಗಾಳಿಗುಳ್ಳೆ ಇದೆ! ಅದು ನೆಟ್ಟಗೆ ಹೃದಯಕ್ಕೆ ಹೋಗುತ್ತೆ ಕಣ್ರೀ!"

"ಇಲ್ಲ ಸಾರ್, ಅದು ಇರ್ಬೇಕಂತೆ. ತೆಗೀಬೇಡಿ ಅಂತ ಸಿಸ್ಟರು..."

"ಸಿಸ್ಟರ್‌ಗೇನ್ರೀ ಗೊತ್ತು? ಕೊಡಿ ಇಲ್ಲಿ!" ಮೇಷ್ಟ್ರು ಸಿರಿಂಜು ಕಿತ್ತುಕೊಂಡು, ಮುಚ್ಚಳ ತೆಗೆದು, ಸೂಜಿ ಮೇಲಕ್ಕೆ ಹಿಡಿದು, ಉಗುರಿನಿಂದ ಟಕಟಕ ಹೊಡೆದು, ಹಿಂದಿನಿಂದ ಒತ್ತಿದರು. ಗುಳ್ಳೆ ಹೋಯಿತು. ಅದರ ಬೆನ್ನಿಗೇ ಔಷಧಿಯೂ ಚಿರ್ರೆಂದು ಹಾರಿ, ಯಾರದೋ ಮದುವೆಗೆಂದು ಹೊಲಿದು ನೇತುಹಾಕಿದ್ದ ಕೋಟಿಗೆ ಬಿತ್ತು. ಆ ಕೋಟಿನಲ್ಲಂತೂ ಇನ್ನು ರಕ್ತ ಹೆಪ್ಪುಗಟ್ಟುವ ಭಯವಿರಲಿಲ್ಲ.

ಟೈಲರ್ ಸಿಸ್ಟರ್‌ಗೆ ಫೋನ್ ಮಾಡಿ ಸ್ಪೀಕರ್ ಹಾಕಿದ.

"ಯಾರ್ರೀ ಅದು ಗುಳ್ಳೆ ತೆಗೆದೋರು?" ಸಿಸ್ಟರ್ ದನಿಗೆ ಡ್ರಿಲ್ ಮೇಷ್ಟ್ರೇ ಅಟೆನ್ಷನ್‌ನಲ್ಲಿ ನಿಂತರು. "ಅದು ಬೇಕು ಅಂತ್ಲೇ ಇಟ್ಟಿರೋದು. ಕೊನೇ ಹನಿ ಔಷಧಿನ ಅದೇ ಒಳಗೆ ತಳ್ಳೋದು. ಆ ಸಿರಿಂಜ್ ಗಟ್ಟಿ ಡಬ್ಬಿಗೆ ಹಾಕಿ, ಹೊಸದು ತಗೊಳ್ಳಿ. ಮೈಗೆ ಏನೂ ಹೋಗಿಲ್ಲ ತಾನೇ? ಹೋಗಿದ್ರೆ ಇನ್ನೊಂದು ಹಾಕ್ಕೋಬಾರದು, ನೆನಪಿಟ್ಕೊಳ್ಳಿ."

"ಕೋಟಿಗೆ ಹೋಗಿದೆ ಸಿಸ್ಟರ್, ನನಗೆ ಹೋಗಿಲ್ಲ."

ಹೊಸ ಸಿರಿಂಜಿನ ಮುಚ್ಚಳ ತೆಗೆಯುವಷ್ಟರಲ್ಲಿ ಎದುರು ಮನೆಯ ದೊಡ್ಡಮ್ಮ ಸೆರಗಿನ ತುದಿಯಲ್ಲಿ ಏನನ್ನೋ ಗಂಟು ಕಟ್ಟಿಕೊಂಡು ಪ್ರತ್ಯಕ್ಷರಾದರು. "ಮಗಾ, ಇದು ನನ್ನ ಮಂಡಿನೋವಿನ ಮಾತ್ರೆ. ಎರಡು ನುಂಗ್ಬಿಡು, ಚುಚ್ಚಿದ್ದೇ ಗೊತ್ತಾಗಲ್ಲ. ಆಮೇಲೆ ನಾನು ಎಣ್ಣೆ ಹಾಕಿ ಚೆನ್ನಾಗಿ ಉಜ್ತೀನಿ."

ನೋವಾಗುವುದಿಲ್ಲ ಎಂದರೆ ಟೈಲರ್ ಸೀಮೆಸುಣ್ಣವನ್ನೂ ನುಂಗುವ ಸ್ಥಿತಿಯಲ್ಲಿದ್ದ. ಮಾತ್ರೆ ನಾಲಿಗೆಯ ಮೇಲೆ ಕೂತೂ ಆಗಿತ್ತು. ಅಷ್ಟರಲ್ಲಿ, ಇನ್ನೂ ಕಟ್ ಆಗದಿದ್ದ ಫೋನಿನಿಂದ ಸಿಸ್ಟರ್ ಚೀರಿದರು. "ಉಗೀರಿ! ಮೊದಲು ಉಗೀರಿ! ಆ ಮಾತ್ರೆ ಇದರ ಜೊತೆ ಸೇರಿದ್ರೆ ಎಲ್ಲಾದ್ರೂ ರಕ್ತ ಸೋರೋಕೆ ಶುರುವಾಗಿ ನಿಲ್ಲೋದೇ ಇಲ್ಲ. ನಮ್ಮನ್ನ ಕೇಳದೆ ಯಾವ ನೋವಿನ ಮಾತ್ರೆನೂ ಬೇಡ. ಉಜ್ಜೋದಂತೂ ಬೇಡ್ವೇ ಬೇಡ, ಹೊಟ್ಟೆಯೆಲ್ಲ ನೀಲಿಗಟ್ಟುತ್ತೆ!"

ಟೈಲರ್ ಗಾಬರಿಯಲ್ಲಿ ಉಗಿದು, ಬಾಯಿ ತೊಳೆಯಲು ನೀರಿನ ಲೋಟಕ್ಕೆ ಕೈ ಚಾಚಿದ. ಆ ಕೈಯಲ್ಲಿ ಸಿರಿಂಜು ಇತ್ತು. ಕೈ ಖಾಲಿ ಮಾಡಿಕೊಳ್ಳಬೇಕಾದಾಗ ಟೈಲರ್ ಸೂಜಿಯನ್ನು ಎಲ್ಲಿಡುತ್ತಾನೆ? ಎಡ ಮಣಿಕಟ್ಟಿಗೆ ಕಟ್ಟಿಕೊಂಡಿದ್ದ ಪುಟ್ಟ ಸೂಜಿದಿಂಬಿಗೆ ಕಚಕ್ಕನೆ ಚುಚ್ಚಿದ. ಗುಂಡುಪಿನ್ನು, ದಬ್ಬಳ, ತುಕ್ಕು ಹಿಡಿದ ಹಳೇ ಸೂಜಿಗಳ ನಡುವೆ ಆಸ್ಪತ್ರೆಯ ಸಿರಿಂಜು ಬಾವುಟದಂತೆ ನಿಂತಿತು.

"ಅಯ್ಯೋ!" ಎಂದರು ದೊಡ್ಡಮ್ಮ.

"ಏನಾಯ್ತು?" ಎಂದಿತು ಫೋನು.

ಏನಾಯಿತೆಂದು ಹೇಳಿದ ಮೇಲೆ ಸಿಸ್ಟರ್ ಹಣೆ ಚಚ್ಚಿಕೊಂಡ ಸದ್ದು ಫೋನಿನಲ್ಲೂ ಕೇಳಿಸಿತು. ಆಮೇಲೆ, "ಅದನ್ನೂ ಡಬ್ಬಿಗೆ ಹಾಕಿ" ಎಂದರು.

ಮನೆಯಲ್ಲಿ ಇನ್ನು ಉಳಿದದ್ದು ಒಂದೇ ಸಿರಿಂಜು. ಇದೂ ಹಾಳಾದರೆ ಔಷಧಿ ತರಲು ಹೆಂಡತಿಗೇ ಹೇಳಬೇಕು. ಹೆಂಡತಿಗೆ ಹೇಳಿದರೆ ಸಂಜೆಗೆ ಭಾವ ಒರಗು ಕುರ್ಚಿಯಲ್ಲಿ. ಟೈಲರನಿಗೆ ಎಲ್ಲಿಲ್ಲದ ಸಿಟ್ಟು ಬಂತು. ಊರುಗೋಲು ಎತ್ತಿ ಹಿಡಿದು, "ಇಬ್ರೂ ಎದ್ದು ಆಚೆ ಹೋಗ್ತೀರೋ ಇಲ್ವೋ!" ಎಂದು ಗುಡುಗಿದ. ಜನ್ಮದಲ್ಲಿ ಅವನು ಗುಡುಗಿದ್ದು ಅದೇ ಮೊದಲು. ಮೇಷ್ಟ್ರು, ದೊಡ್ಡಮ್ಮ ಇಬ್ಬರೂ ತೆಪ್ಪಗೆ ಹೊರಗೆ ಹೋಗಿ ಕಿಟಕಿಯಲ್ಲಿ ನಿಂತರು.

ಟೈಲರ್ ಬಾಗಿಲಿಗೆ ಚಿಲಕ ಹಾಕಿ, ಸೂಜಿದಿಂಬು ಬಿಚ್ಚಿ ದೂರ ಎಸೆದು, ಮತ್ತೆ ಕೈ ತೊಳೆದು ಕೂತ. ಎದೆ ಹೊಲಿಗೆ ಯಂತ್ರದಂತೆ ಬಡಿದುಕೊಳ್ಳುತ್ತಿತ್ತು. ತನ್ನ ಹೊಟ್ಟೆಯನ್ನು ತಾನೇ ನೋಡಿದ. ನೋಡುತ್ತಾ ನೋಡುತ್ತಾ ಅವನಿಗೊಂದು ಉಪಾಯ ಹೊಳೆಯಿತು. ಇದು ತನ್ನ ಹೊಟ್ಟೆಯೇ ಅಲ್ಲ, ಯಾರೋ ಗಿರಾಕಿಯದು ಎಂದುಕೊಂಡರೆ?

"ಸ್ವಲ್ಪ ಅಲ್ಲಾಡದೆ ಕೂತ್ಕೊಳ್ಳಿ ಸಾರ್" ಎಂದ ಹೊಟ್ಟೆಗೆ. "ಒಂದೇ ನಿಮಿಷ. ನಮ್ಮ ಕೈಯಲ್ಲಿ ಯಾವತ್ತೂ ಕೆಲಸ ಕೆಟ್ಟಿಲ್ಲ."

ಎಡಗಡೆಯ ಚರ್ಮವನ್ನು ನಿರಿಗೆ ಹಿಡಿದಂತೆ ಹಿಡಿದ. ಸೂಜಿಯನ್ನು ಓರೆಯಾಗದಂತೆ ನೆಟ್ಟಗೆ ಇಳಿಸಿದ. ಮೆಲ್ಲಗೆ ಕೊನೆಯವರೆಗೂ ಒತ್ತಿ, ಬಂದ ದಾರಿಯಲ್ಲೇ ತೆಗೆದು, ಆಮೇಲೆ ನಿರಿಗೆ ಬಿಟ್ಟ. ಸಿರಿಂಜು ಡಬ್ಬಿಗೆ ಬಿತ್ತು. ಉಜ್ಜಬಾರದೆಂದು ಎರಡೂ ಕೈ ಮೇಲೆತ್ತಿಕೊಂಡು ಕೂತ. ಇರುವೆ ಕಚ್ಚಿದಷ್ಟೂ ನೋವಾಗಿರಲಿಲ್ಲ. ಕಿಟಕಿಯಲ್ಲಿ ಮೇಷ್ಟ್ರು ಸೀಟಿ ಊದಿದರು, ದೊಡ್ಡಮ್ಮ ಕಣ್ಣೊರೆಸಿಕೊಂಡರು. ಟೈಲರನಿಗೂ ಕಣ್ಣು ತುಂಬಿ ಬಂತು. ಜೀವನದಲ್ಲಿ ಅವನು ಇಷ್ಟು ದೊಡ್ಡದೇನನ್ನೂ ಗೆದ್ದಿರಲಿಲ್ಲ.

ಗೆದ್ದವನು ಅಲ್ಲಿಗೇ ಸುಮ್ಮನಿರಬೇಕಿತ್ತು. ಹೆಂಡತಿಗೆ ಫೋನ್ ಹಚ್ಚಿದ.

"ಆಯ್ತು ಕಣೇ! ಹೂ ಎತ್ತಿದ ಹಾಗೆ! ನನ್ನ ಕೈಗುಣ ಎಂಥದ್ದು ಅಂತ ನನಗೇ ಗೊತ್ತಿರ್ಲಿಲ್ಲ. ಯಾರನ್ನ ಬೇಕಾದ್ರೂ ಕರ್ಕೊಂಡು ಬಾ, ಗೊತ್ತೇ ಆಗದ ಹಾಗೆ ಚುಚ್ತೀನಿ. ನಿಮ್ಮಣ್ಣನಿಗೂ ಹೇಳು, ದನಕ್ಕೆ ಚುಚ್ಚೋದಲ್ಲ, ಮನುಷ್ಯರಿಗೆ ಚುಚ್ಚೋದು ಹೇಗೆ ಅಂತ ನನ್ನ ಹತ್ರ ಬಂದು ಕಲೀಲಿ!"

ಹೆಂಡತಿ ಕೇಳಿದಳು, "ನಿಜವಾಗ್ಲೂ ಅಷ್ಟು ಚೆನ್ನಾಗಿ ಬಂತಾ?"

"ಅಂದ್ರೆ? ಬೇಕಾದ್ರೆ ಮೇಷ್ಟ್ರನ್ನ ಕೇಳು!"

"ಬೇಡ ಬಿಡಿ. ನನಗೆ ನಂಬಿಕೆ ಇದೆ" ಎಂದಳು. ಅವಳ ದನಿಯಲ್ಲಿ ಇಷ್ಟು ಮೆಚ್ಚುಗೆ ಕೇಳಿ ಟೈಲರನಿಗೆ ಬಹಳ ಕಾಲವಾಗಿತ್ತು.

ಸಂಜೆ ಮನೆಯೆದುರು ಬಾಡಿಗೆ ಕಾರು ನಿಂತಿತು. ಹೆಂಡತಿ ಇಳಿದಳು. ಅವಳ ಹಿಂದೆ ಪ್ಲಾಸ್ಟರ್ ಹಾಕಿದ ದಪ್ಪ ಕಾಲೊಂದು ಹೊರಗೆ ಬಂತು. ಕಾಲಿನ ಹಿಂದೆ ಭಾವ ಬಂದ.

"ಹೋದ ವಾರ ಹೋರಿ ಒದ್ದುಬಿಡ್ತಂತೆ" ಎಂದಳು ಹೆಂಡತಿ, ಅಣ್ಣನ ಚೀಲವನ್ನು ಒಳಗಿಡುತ್ತಾ. "ಮರ್ಯಾದೆ ಹೋಗುತ್ತೆ ಅಂತ ಯಾರಿಗೂ ಹೇಳಿರ್ಲಿಲ್ಲ. ಇವತ್ತು ಆಸ್ಪತ್ರೆಯಿಂದ ಬಿಟ್ರು. ಅವನಿಗೂ ಇದೇ ಇಂಜೆಕ್ಷನ್ನು. ಸೂಜಿ ತನ್ನ ಹೊಟ್ಟೆ ಕಡೆ ತಿರುಗಿದ ಕೂಡ್ಲೇ ಎಚ್ಚರ ತಪ್ಪಿ ಬಿದ್ನಂತೆ. ಅತ್ತಿಗೆಗೂ ಧೈರ್ಯ ಇಲ್ಲ. ಏನು ಮಾಡೋದು ಅಂತ ಅಳ್ತಾ ನನಗೆ ಫೋನ್ ಮಾಡಿದ್ರು. ಅದೇ ಹೊತ್ತಿಗೆ ನಿಮ್ಮ ಫೋನು ಬಂತಲ್ಲ, ಹಾಲು ಕುಡಿದಷ್ಟು ಸಂತೋಷ ಆಯ್ತು."

ಟೈಲರ್ ಭಾವನ ಚೀಲದ ಗಾತ್ರ ನೋಡಿದ. "ಎಷ್ಟು ದಿನ?"

"ನಿಮ್ಮ ಪ್ಲಾಸ್ಟರ್ ಬಿಚ್ಚಿದ ಮೇಲೂ ಇದೆ ಅವನದು. ಆಮೇಲೆ, ಅವನಿಗೆ ದಿನಕ್ಕೆ ಎರಡು ಸಲ."

ಭಾವ ಕುಂಟುತ್ತಾ ಬಂದು ಒರಗು ಕುರ್ಚಿಯಲ್ಲಿ ಕೂತ. ಟಿ.ವಿ. ಹಾಕಲಿಲ್ಲ. ಅಂಗಿ ಎತ್ತಿ, ಹೊಟ್ಟೆ ಬಿಟ್ಟುಕೊಂಡು, ಕಣ್ಣು ಬಿಗಿಯಾಗಿ ಮುಚ್ಚಿ, ಟೈಲರನ ಅಂಗಿಯ ಚುಂಗನ್ನು ಗಟ್ಟಿಯಾಗಿ ಹಿಡಿದುಕೊಂಡ.

"ಇವತ್ತಿನ ಸಂಜೆದು ಬಾಕಿ ಇದೆ" ಎಂದ. "ನೋವಾಗಲ್ಲ ಅಂತ ಮೊದ್ಲು ಆಣೆ ಮಾಡು."

ಟೈಲರ್ ಇನ್ನೂ ಕೈ ತೊಳೆಯಲು ಎದ್ದಿರಲಿಲ್ಲ. ಭಾವ ಆಗಲೇ ಕೂಗಲು ಶುರು ಮಾಡಿದ್ದ.